ಕಾಯಿತುರಿಯ ಕೇಕಿಗೆ ಕಿತ್ತಳೆ, ನಿಂಬೆಯ ಪಾಕ

ಕಾಯಿತುರಿ ಮತ್ತು ನಿಂಬೆರಸ ನಮ್ಮ ಅಡುಗೆಮನೆಯಲ್ಲಿ ಬಹಳ ಹಳೆಯ ಜೋಡಿ. ರಾಮನವಮಿಯ ಹೆಸರುಬೇಳೆ ಕೋಸಂಬರಿಗೆ, ಬೆಳಗಿನ ಚಿತ್ರಾನ್ನಕ್ಕೆ, ಒಗ್ಗರಣೆ ಅವಲಕ್ಕಿಗೆ, ಕೆಲವು ಮನೆಗಳಲ್ಲಿ ಉಪ್ಪಿಟ್ಟಿಗೂ, ಎಲ್ಲ ಮುಗಿದು ಒಲೆ ಆರಿಸಿದ ಮೇಲೆ ಕೊನೆಯಲ್ಲಿ ಬೀಳುವುದು ಒಂದು ಹಿಡಿ ಕಾಯಿತುರಿ ಮತ್ತು ಅರ್ಧ ಹೋಳು ನಿಂಬೆಯ ರಸ. ಕಾಯಿಯಲ್ಲಿರುವ ಜಿಡ್ಡು ನಾಲಿಗೆಯ ಮೇಲೆ ತೆಳುವಾಗಿ ಹರಡಿಕೊಂಡು ಮಿಕ್ಕ ರುಚಿಗಳನ್ನು ಸ್ವಲ್ಪ ಮಂಕಾಗಿಸುತ್ತದೆ. ಹುಳಿ ಬಿದ್ದೊಡನೆ ಬಾಯಲ್ಲಿ ನೀರೂರಿ ಆ ಪದರ ತೊಳೆದುಹೋಗುತ್ತದೆ, ಮತ್ತೆ ಕಾಯಿಯ ರುಚಿಯೇ ಹೊಸದಾಗಿ ತಿಳಿಯುತ್ತದೆ. ನಮ್ಮ ಹಿರಿಯರು ಇದನ್ನು ಯಾವ ವಿವರಣೆಯೂ ಇಲ್ಲದೆ ಕೈಯಳತೆಯಲ್ಲೇ ಅರಿತುಕೊಂಡಿದ್ದರು.

ಆದರೆ ಸಿಹಿತಿಂಡಿಯ ವಿಷಯಕ್ಕೆ ಬಂದರೆ ಈ ಜೋಡಿಯನ್ನು ನಾವು ಬೇರ್ಪಡಿಸಿಬಿಟ್ಟಿದ್ದೇವೆ. ಕಾಯಿ ಹೋಳಿಗೆಯಲ್ಲಿ, ಕೊಬ್ಬರಿ ಮಿಠಾಯಿಯಲ್ಲಿ, ರವೆ ಉಂಡೆಯಲ್ಲಿ, ಕರ್ಜಿಕಾಯಿಯಲ್ಲಿ, ಚೌತಿಯ ಸಿಹಿ ಕಡುಬಿನಲ್ಲಿ ಕಾಯಿಗೆ ಜೊತೆಯಾಗುವುದು ಬೆಲ್ಲ ಅಥವಾ ಸಕ್ಕರೆ, ಪರಿಮಳಕ್ಕೆ ಏಲಕ್ಕಿ. ನಿಂಬೆ ಸಿಹಿಯ ಬಾಣಲೆಗೆ ಬರುವುದೇ ಇಲ್ಲವೆಂದಲ್ಲ. ಜಿಲೇಬಿ, ಜಹಾಂಗೀರು, ಜಾಮೂನುಗಳ ಪಾಕ ಹರಳುಗಟ್ಟದಿರಲೆಂದು ನಾಲ್ಕು ಹನಿ ಹಿಂಡುವುದನ್ನು ಪ್ರತಿಯೊಬ್ಬ ಅಡುಗೆಯವರೂ ಬಲ್ಲರು. ಆದರೆ ಅಲ್ಲಿ ನಿಂಬೆಯ ಕೆಲಸ ಪಾಕವನ್ನು ಕಾಯುವುದು ಮಾತ್ರ. ತಿನ್ನುವವರಿಗೆ ಅದು ಇದೆಯೆಂಬುದೇ ಗೊತ್ತಾಗಬಾರದು. ತೆಂಗಿನಕಾಯಿ ಹಾಕಿ ಕೇಕು ಬೇಯಿಸಿ, ಒಲೆಯಿಂದಿಳಿದ ಬಿಸಿಯಲ್ಲೇ ಅದಕ್ಕೆ ಕಿತ್ತಳೆ, ನಿಂಬೆಗಳ ಪಾಕವನ್ನು ಕುಡಿಸುವ ಕ್ರಮವನ್ನು ನಾನು ಇಷ್ಟೊಂದು ಹಚ್ಚಿಕೊಂಡಿರುವುದಕ್ಕೆ ಕಾರಣ ಇದೇ: ಅದು ನಮ್ಮ ಉಪ್ಪು ಖಾರದ ಅಡುಗೆ ಮೊದಲಿನಿಂದಲೂ ಬಲ್ಲ ಸಂಗತಿಯೊಂದನ್ನು ಸಿಹಿಗೆ ತಂದುಕೊಡುತ್ತದೆ. ಹುಳಿ ಅಲ್ಲಿ ಮರೆಯಲ್ಲಿ ನಿಲ್ಲುವುದಿಲ್ಲ. ಕೇಕಿನ ಅರ್ಧ ರುಚಿಯೇ ಅದರದ್ದು.

ಮೂಲದಲ್ಲಿ ಇದು ನಮ್ಮ ನೆಲದ ತಿಂಡಿಯಲ್ಲ. ರವೆಯ ಕೇಕಿಗೆ ಸಕ್ಕರೆ ಪಾಕ ಹೊಯ್ಯುವ ಪದ್ಧತಿ ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯ ನಾಡುಗಳದ್ದು. ಈಜಿಪ್ಟಿನಲ್ಲಿ ಅದು ಬಸ್‌ಬೂಸ, ತುರ್ಕಿಯಲ್ಲಿ ರೆವಾನಿ, ಗ್ರೀಸಿನ ಉತ್ತರ ಭಾಗದ ವೆರಿಯಾ ಎಂಬ ಊರು ರೆವಾನಿಗೆಂದೇ ಹೆಸರಾಗಿದೆ. ಅಲ್ಲೆಲ್ಲ ಪಾಕಕ್ಕೆ ನಿಂಬೆರಸ ಹಿಂಡುತ್ತಾರೆ, ಕೆಲವೊಮ್ಮೆ ಕಿತ್ತಳೆ ಹೂವಿನ ನೀರನ್ನೂ ಗುಲಾಬಿ ನೀರನ್ನೂ ಬೆರೆಸುತ್ತಾರೆ. ತೆಂಗು ಬೆಳೆಯದ ಆ ನಾಡುಗಳ ರವೆ ಕೇಕಿಗೆ ತೆಂಗು ಸೇರಿಕೊಂಡದ್ದು ಒಣಗಿಸಿದ ತುರಿಯ ರೂಪದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಿಲೋನಿನ ಕಾರ್ಖಾನೆಗಳು ತುರಿದು ಒಣಗಿಸಿದ ಕಾಯಿಯನ್ನು ಹಡಗಿನಲ್ಲಿ ಕಳಿಸತೊಡಗಿದ್ದವು. ಅದೇ 1890ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹಿಟ್ಟಿನ ವ್ಯಾಪಾರಿ ಫ್ರಾಂಕ್ಲಿನ್ ಬೇಕರ್, ಕ್ಯೂಬಾದಿಂದ ತನಗೆ ಬಂದು ಬಿದ್ದ ತೆಂಗಿನಕಾಯಿಗಳನ್ನು ತುರಿದು ಮಾರುವ ಉದ್ಯಮಕ್ಕೆ ಕೈಹಾಕಿದ. ತೆಂಗಿನ ಮರವನ್ನೇ ಕಾಣದ ಊರುಗಳ ಕೇಕುಗಳಲ್ಲಿ ಕಾಯಿತುರಿ ಅಷ್ಟು ಸಹಜವಾಗಿ ಸೇರಿಕೊಂಡದ್ದರ ಹಿಂದೆ ಇಂಥ ವ್ಯಾಪಾರವಿದೆ.

ನಮ್ಮ ಹತ್ತಿರದಲ್ಲೇ ಇದರ ಬಂಧುಗಳಿವೆ. ಗೋವಾದ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ಬಾತ್ ರವೆ ಮತ್ತು ಹಸಿ ಕಾಯಿಯ ಕೇಕು. ರುಬ್ಬಿದ ಕಾಯಿಯನ್ನು ರವೆಯೊಡನೆ ರಾತ್ರಿಯಿಡೀ ನೆನೆಯಲು ಬಿಟ್ಟು, ಮೇಲೆ ಹಿಟ್ಟಿನ ಪಟ್ಟಿಗಳನ್ನು ಅಡ್ಡಡ್ಡ ಹೆಣೆದು ಬೇಯಿಸುತ್ತಾರೆ. ಕೊಂಕಣಿಗರ ತವಸಳಿಯಲ್ಲಿ ಸೌತೆಕಾಯಿ, ರವೆ, ಬೆಲ್ಲ, ಕಾಯಿತುರಿ ಒಟ್ಟಾಗುತ್ತವೆ. ಇನ್ನು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಬೆಳೆದವರಿಗೆ ಅಯ್ಯಂಗಾರ್ ಬೇಕರಿಯ ಹನಿ ಕೇಕನ್ನು ನೆನಪಿಸಬೇಕಾಗಿಲ್ಲ. ಹಾಸನದ ಕಡೆಯಿಂದ ಬಂದ ಕುಟುಂಬಗಳು ಕಟ್ಟಿದ ಆ ಬೇಕರಿಗಳ ಗಾಜಿನ ಕಪಾಟಿನಲ್ಲಿ, ಪಾಕ ಕುಡಿದು ತೂಕವಾದ ಹಳದಿ ಸ್ಪಂಜಿನ ಮೇಲೆ ಕೆಂಪು ಜಾಮು, ಅದರ ಮೇಲೆ ಒಣ ಕೊಬ್ಬರಿಯ ಪುಡಿ. ಪಾಕ, ಹುಳಿಸಿಹಿಯ ಜಾಮು, ಕೊಬ್ಬರಿ ಮೂರೂ ಅಲ್ಲಿವೆ. ನಾನು ಹೇಳುತ್ತಿರುವ ಕೇಕು ಇವುಗಳನ್ನು ಒಂದರ ಮೇಲೊಂದು ಇಡುವ ಬದಲು ಒಂದರೊಳಗೊಂದು ಸೇರಿಸುತ್ತದೆ, ಅಷ್ಟೇ ವ್ಯತ್ಯಾಸ.

ಕಾಯಿಯ ಆಯ್ಕೆಯಿಂದಲೇ ಕೇಕಿನ ಗುಣ ನಿರ್ಧಾರವಾಗಿಬಿಡುತ್ತದೆ. ಅಂಗಡಿಯ ಪೊಟ್ಟಣದ ಒಣ ತುರಿಯಲ್ಲಿ ನೀರಿನ ಅಂಶ ಶೇಕಡಾ 3ರ ಆಸುಪಾಸು ಮಾತ್ರ. ಹಸಿ ಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು, ಮೂರನೇ ಒಂದು ಪಾಲು ಜಿಡ್ಡು. ಒಣ ತುರಿಯನ್ನು ನೇರವಾಗಿ ಹಿಟ್ಟಿಗೆ ಹಾಕಿದರೆ ಅದು ಹಿಟ್ಟಿನ ನೀರನ್ನು ಹೀರಿಕೊಳ್ಳುತ್ತದೆ, ಆಮೇಲೆ ಹೊಯ್ದ ಪಾಕವನ್ನೂ ಮೊದಲು ತಾನೇ ಕುಡಿಯುತ್ತದೆ. ರವೆಗೆ ಸಿಕ್ಕಬೇಕಾದದ್ದು ಸಿಕ್ಕುವುದಿಲ್ಲ. ಹಸಿ ತುರಿ ಹಾಗಲ್ಲ. ಅದು ಬೇಯುವಾಗ ತನ್ನೊಳಗಿನ ಹಾಲನ್ನು ಸುತ್ತಲಿನ ಹಿಟ್ಟಿಗೆ ಬಿಟ್ಟುಕೊಡುತ್ತದೆ, ಕತ್ತರಿಸಿದಾಗ ಕೇಕಿನ ಒಡಲಲ್ಲಿ ಬಿಳಿಯ ಸಣ್ಣ ಎಳೆಗಳಾಗಿ ಕಾಣುತ್ತದೆ, ಹಲ್ಲಿಗೆ ಮೃದುವಾಗಿಯೂ ಸಿಗುತ್ತದೆ. ತೆಂಗು ಬೆಳೆಯುವ ನಾಡಿನಲ್ಲಿ ಕುಳಿತು ಪೊಟ್ಟಣ ಹರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪರದೇಶದಲ್ಲಿರುವವರಿಗೆ ಬೇರೆ ದಾರಿಯಿಲ್ಲದಿದ್ದರೆ, ಮುಂದೆ ಹೇಳುವ 150 ಗ್ರಾಂ ಹಸಿ ತುರಿಯ ಬದಲು 90 ಗ್ರಾಂ ಒಣ ತುರಿ ತೆಗೆದುಕೊಂಡು, 60 ಮಿಲಿಲೀಟರ್ ಬಿಸಿ ಹಾಲಿನಲ್ಲಿ ಅರ್ಧ ಗಂಟೆ ನೆನೆಸಿಟ್ಟು ಬಳಸಬಹುದು. ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಮಾರುವ ತುರಿ ಸಿಕ್ಕರೆ ಅದು ಇದಕ್ಕಿಂತ ಎಷ್ಟೋ ಮೇಲು.

ನಮ್ಮ ಮನೆಗೆ ಕಾಯಿ ಬರುವುದು ತಿಪಟೂರಿನ ಕಡೆಯ ನೆಂಟರ ತೋಟದಿಂದ. ಆ ಊರು ಹೆಸರಾಗಿರುವುದು ಉಂಡೆ ಕೊಬ್ಬರಿಗೆ: ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಸದ್ದು ಮಾಡುವವರೆಗೆ ಕಾಯುತ್ತಾರೆ. ಆ ಕೊಬ್ಬರಿಯ ರುಚಿ ಗಾಢವಾದದ್ದು, ಎಣ್ಣೆಯ ಪರಿಮಳವುಳ್ಳದ್ದು. ಕೊಬ್ಬರಿ ಮಿಠಾಯಿಗೂ ಚಟ್ನಿಪುಡಿಗೂ ಅದನ್ನು ಮೀರಿಸುವಂಥದ್ದು ಬೇರೆ ಇಲ್ಲ. ಈ ಕೇಕಿಗೆ ಮಾತ್ರ ಅದು ಹೊಂದುವುದಿಲ್ಲ, ಏಕೆಂದರೆ ಕಿತ್ತಳೆಯ ನವಿರಾದ ಕಂಪನ್ನು ಅದು ಮುಚ್ಚಿಹಾಕುತ್ತದೆ. ಇಲ್ಲಿಗೆ ಬೇಕಾದದ್ದು ನೀರಿರುವ, ಬಲಿತ, ಒಡೆದ ದಿನವೇ ತುರಿದ ಕಾಯಿ. ತುರಿಮಣೆಯಲ್ಲಿ ತುರಿಯುವಾಗ ಚಿಪ್ಪಿನ ಕಂದು ಪದರದವರೆಗೆ ಇಳಿಯದೆ ಬಿಳಿ ಭಾಗದಲ್ಲೇ ನಿಲ್ಲಿಸಬೇಕು. ಕಂದು ಭಾಗ ಸೇರಿದರೆ ಕೆಡುಕೇನೂ ಇಲ್ಲ, ಆದರೆ ಕೇಕಿನ ಒಳಮೈ ಬೂದು ಬಣ್ಣಕ್ಕೆ ತಿರುಗುತ್ತದೆ, ರುಚಿಯಲ್ಲಿ ಸಣ್ಣ ಒಗರು ಉಳಿಯುತ್ತದೆ. ತುರಿದದ್ದನ್ನು ನೀರು ಮುಟ್ಟಿಸದೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಉದುರುದುರಾಗಿಸಿಕೊಂಡರೆ ಸಾಕು. ನುಣ್ಣಗೆ ರುಬ್ಬಿದರೆ ಕೇಕು ಒತ್ತಾಗುತ್ತದೆ.

ಇನ್ನು ಹಣ್ಣುಗಳು. ಚಳಿಗಾಲದಲ್ಲಿ ಮೈಸೂರಿನ ಮಾರುಕಟ್ಟೆಗೆ ಕೊಡಗಿನ ಕಿತ್ತಳೆ ಬಂದರೆ ನನಗೆ ಬೇರೆ ಯಾವುದೂ ಬೇಡ. ಕಾಫಿ ತೋಟಗಳ ನೆರಳಿನಲ್ಲಿ ಬೆಳೆಯುವ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಆ ಹಣ್ಣು ನೋಡುವುದಕ್ಕೆ ಅಂಥ ಚೆಲುವಿನದ್ದಲ್ಲ. ಹಸಿರುಮಿಶ್ರಿತ ಹಳದಿ ಬಣ್ಣ, ಸಡಿಲವಾದ ಸಿಪ್ಪೆ. ಆದರೆ ಉಗುರು ತಾಗಿಸಿದ ಕೂಡಲೇ ಕೋಣೆ ತುಂಬುವ ಘಮ, ತೊಳೆಯಲ್ಲಿ ಸಿಹಿಯ ಜೊತೆಗೆ ಚುರುಕಾದ ಹುಳಿ, ಇವು ದೂರದಿಂದ ಬರುವ ಹೊಳಪಿನ ಹಣ್ಣುಗಳಲ್ಲಿ ಸಿಗುವುದಿಲ್ಲ. ಎಲೆಗಳನ್ನು ಹಳದಿಯಾಗಿಸಿ ಗಿಡಗಳನ್ನು ಬತ್ತಿಸುವ ಗ್ರೀನಿಂಗ್ ರೋಗ ಮತ್ತು ಇತರ ಕಾರಣಗಳಿಂದ ಆ ತೋಟಗಳು ಬಹಳಷ್ಟು ಕರಗಿಹೋಗಿವೆ. ಬುಟ್ಟಿಯಲ್ಲಿ ಕಂಡಾಗ ಕೊಳ್ಳದೆ ಮುಂದೆ ಹೋಗುವುದು ನನ್ನಿಂದಾಗದು. ಅದು ಸಿಗದ ದಿನಗಳಲ್ಲಿ ನಾಗಪುರದ ಕಿತ್ತಳೆ ನಡೆಯುತ್ತದೆ. ಮೂಸಂಬಿಯನ್ನು ಮಾತ್ರ ಈ ಕೆಲಸಕ್ಕೆ ತರಬಾರದು: ಹುಳಿಯೂ ಕಡಿಮೆ, ಕಂಪೂ ಕಡಿಮೆ, ಮೇಲಾಗಿ ಹಿಂಡಿಟ್ಟ ರಸ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ.

ಕಿತ್ತಳೆಯೊಂದರಿಂದಲೇ ಪಾಕಕ್ಕೆ ಬೇಕಾದ ಹುಳಿ ಬರುವುದಿಲ್ಲ. ಅದರಲ್ಲಿ ಆಮ್ಲದ ಅಂಶ ಶೇಕಡಾ 1ರ ಸುತ್ತಮುತ್ತ. ನಿಂಬೆರಸದಲ್ಲಿ ಅದು ಶೇಕಡಾ 5ರಿಂದ 7. ಆದ್ದರಿಂದ ಕಂಪಿಗೆ ಕಿತ್ತಳೆ, ಹುಳಿಗೆ ನಿಂಬೆ ಎಂದು ಕೆಲಸ ಹಂಚಿಕೊಡಬೇಕು. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ಬರುವ ತೆಳು ಸಿಪ್ಪೆಯ ನಿಂಬೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ರಸಕ್ಕೆ ಹಳದಿ ಹಣ್ಣು, ಸಿಪ್ಪೆಯ ತುರಿಗೆ ಇನ್ನೂ ಹಸಿರಾಗಿರುವ ಕಾಯಿ.

ಸಿಪ್ಪೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೇಕಿನೊಳಗಿನ ಕಂಪು ಪೂರ್ತಿಯಾಗಿ ಬರುವುದು ಅಲ್ಲಿಂದ. ಕಿತ್ತಳೆಯ, ನಿಂಬೆಯ ಹೊರಮೈಯ ಬಣ್ಣದ ಪದರದಲ್ಲಿ ಎಣ್ಣೆಯ ಸಣ್ಣ ಚೀಲಗಳಿವೆ. ಅದರ ಕೆಳಗಿನ ಬಿಳಿಯ ಮೆತ್ತನೆಯ ಭಾಗ ಬರೀ ಕಹಿ. ಕೊಡಗಿನ ಹಣ್ಣಿನ ಸಿಪ್ಪೆ ಸಡಿಲವಾದ್ದರಿಂದ ತುರಿಯುವಾಗ ಒಳಕ್ಕೆ ಕುಸಿಯುತ್ತದೆ. ಹಣ್ಣನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಗಟ್ಟಿಮಾಡಿಕೊಂಡು, ಸಣ್ಣ ಕಣ್ಣಿನ ತುರಿಯುವ ಮಣೆಯ ಮೇಲೆ ಭಾರ ಹಾಕದೆ ಒಂದೊಂದು ಜಾಗದಲ್ಲಿ ಒಂದೊಂದೇ ಸಲ ಎಳೆಯಬೇಕು. ಎರಡು ಕಿತ್ತಳೆ, ಒಂದು ನಿಂಬೆಯ ತುರಿ ಬಂದ ಮೇಲೆ ಅದನ್ನು ಅಳೆದಿಟ್ಟ ಸಕ್ಕರೆಯ ಮೇಲೆ ಹಾಕಿ ಬೆರಳ ತುದಿಗಳಿಂದ ಉಜ್ಜುತ್ತಾ ಹೋದರೆ, ಸಕ್ಕರೆಯ ಹರಳುಗಳ ಚೂಪು ಅಂಚು ಆ ಎಣ್ಣೆಯ ಚೀಲಗಳನ್ನು ಹರಿಯುತ್ತದೆ, ಬಿಟ್ಟ ಎಣ್ಣೆಯನ್ನು ಸಕ್ಕರೆಯೇ ಹೀರುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಸಕ್ಕರೆ ಒದ್ದೆ ಮರಳಾಗಿ ತಿಳಿ ಕೇಸರಿಗೆ ತಿರುಗುತ್ತದೆ, ಬೆರಳಿನ ಸಂದಿಗಳಲ್ಲಿ ಅಂಟತೊಡಗುತ್ತದೆ, ಕೈ ತೊಳೆದರೂ ಆ ವಾಸನೆ ಸಂಜೆಯವರೆಗೆ ಹೋಗುವುದಿಲ್ಲ. ಈ ಒಂದು ಹಂತವನ್ನು ಯಾರೂ ಬಿಡಬಾರದೆಂದು ನಾನು ಒತ್ತಾಯವಾಗಿಯೇ ಹೇಳುತ್ತೇನೆ. ಸೀಸೆಯ ಎಸೆನ್ಸಿನಿಂದ ಬರುವ ವಾಸನೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

20 ಸೆಂಟಿಮೀಟರ್ ಅಗಲದ ದುಂಡು ಪಾತ್ರೆಗೆ ನನ್ನ ಅಳತೆ ಹೀಗಿದೆ. ಚಿರೋಟಿ ರವೆ 150 ಗ್ರಾಂ, ಮೈದಾ 75 ಗ್ರಾಂ, ಹಸಿ ಕಾಯಿತುರಿ 150 ಗ್ರಾಂ, ಸಿಪ್ಪೆಯೊಡನೆ ಉಜ್ಜಿದ ಸಕ್ಕರೆ 125 ಗ್ರಾಂ, ಮೆತ್ತಗಾದ ಬೆಣ್ಣೆ 100 ಗ್ರಾಂ, ಹುಳಿಯಾಗದ ಗಟ್ಟಿ ಮೊಸರು 200 ಗ್ರಾಂ, ಮೊಟ್ಟೆ 2, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡ ಕಾಲು ಟೀ ಚಮಚ, ಚಿಟಿಕೆ ಉಪ್ಪು. ಬೆಣ್ಣೆಯ ಅರ್ಧ ಪಾಲನ್ನು ತೆಗೆದು ಗಾಣದ ತೆಂಗಿನೆಣ್ಣೆ ಹಾಕಿದರೆ ಕಾಯಿಯ ರುಚಿ ಇನ್ನಷ್ಟು ಏಳುತ್ತದೆ. ಕರಾವಳಿಯವರಿಗೆ ಇದು ಇಷ್ಟವಾಗುತ್ತದೆ, ಬಯಲುಸೀಮೆಯ ನೆಂಟರು ಬಂದಾಗ ನಾನು ಬೆಣ್ಣೆಯನ್ನೇ ಬಳಸುತ್ತೇನೆ. ಹಿಟ್ಟಿಗೆ ಹಾಕುವ ಸಕ್ಕರೆ ಕಡಿಮೆಯೆನಿಸಬಹುದು. ಅದು ಕಡಿಮೆಯೇ ಇರಬೇಕು. ಪಾಕ ಕುಡಿಯಬೇಕಾದ ಕೇಕು ಸಪ್ಪೆಯಾಗಿ, ತುಸು ಒಣಗಿದಂತೆ ಬೆಂದಿರಬೇಕು. ಆಗಲೇ ಸಿಹಿಯಾಗಿ, ತೇವವಾಗಿ ಇರುವ ಕೇಕಿಗೆ ಪಾಕ ಹೊಯ್ದರೆ ಅದು ಒಳಗೆ ಇಳಿಯಲು ಜಾಗವೇ ಇರುವುದಿಲ್ಲ.

ರವೆ ಇಲ್ಲಿರುವುದು ಇದೇ ಕಾರಣಕ್ಕೆ. ಬರೀ ಮೈದಾದ ಕೇಕು ಪಾಕ ಬಿದ್ದರೆ ಮುದ್ದೆಯಾಗುತ್ತದೆ, ರವೆಯ ಕಾಳು ಉಬ್ಬಿದರೂ ತನ್ನ ಆಕಾರ ಬಿಡುವುದಿಲ್ಲ. ಉಪ್ಪಿಟ್ಟಿನ ದಪ್ಪ ರವೆ ಬೇಡ, ಅದು ಬೆಂದ ಮೇಲೂ ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ. ಚಿರೋಟಿ ರವೆಯೇ ಸರಿ. ಬೆಣ್ಣೆ, ಸಕ್ಕರೆಗಳನ್ನು ಹಗುರಾಗುವವರೆಗೆ ತಿರುವಿ, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಮೊಸರು, ರವೆ, ಮೈದಾ, ಉಪ್ಪು, ಕಾಯಿತುರಿ ಬೆರೆಸಿ ಇಪ್ಪತ್ತರಿಂದ ಮೂವತ್ತು ನಿಮಿಷ ಮುಚ್ಚಿಡುತ್ತೇನೆ. ಬೇಕಿಂಗ್ ಪೌಡರ್ ಮತ್ತು ಸೋಡ ಹಾಕುವುದು ಈ ನೆನೆಯುವಿಕೆ ಮುಗಿದ ಮೇಲೆ, ಪಾತ್ರೆಗೆ ಸುರಿಯುವ ಮುನ್ನ. ಮೊದಲೇ ಹಾಕಿದರೆ ಮೊಸರಿನ ಹುಳಿಯೊಡನೆ ಸೇರಿ ಹುಟ್ಟುವ ಅನಿಲ ಓವನ್ ಕಾಣುವ ಮೊದಲೇ ಹೊರಟುಹೋಗಿರುತ್ತದೆ. ನಿಂಬೆರಸವನ್ನು ಹಿಟ್ಟಿಗೆ ಸೇರಿಸುವ ಆಸೆಯನ್ನೂ ತಡೆದುಕೊಳ್ಳಬೇಕು: ಅಲ್ಲಿ ಅದು ಸೋಡದೊಡನೆ ಸೇರಿ ತನ್ನ ಹುಳಿಯನ್ನೇ ಕಳೆದುಕೊಳ್ಳುತ್ತದೆ, ಬೆಂದ ಮೇಲೆ ಅದರ ಸುಳಿವೂ ಉಳಿಯುವುದಿಲ್ಲ. ಸಿಪ್ಪೆಯ ಕಂಪು ಹಿಟ್ಟಿಗೆ, ರಸದ ಹುಳಿ ಪಾಕಕ್ಕೆ.

ಮೊಟ್ಟೆ ಹಾಕದ ಮನೆಗಳಲ್ಲಿ ಎರಡು ಮೊಟ್ಟೆಯ ಬದಲು 100 ಗ್ರಾಂ ಮೊಸರನ್ನು ಹೆಚ್ಚಿಸಿ ಸೋಡವನ್ನು ಅರ್ಧ ಟೀ ಚಮಚಕ್ಕೆ ಏರಿಸಿದರೆ ಸಾಕು. ಸ್ಪಂಜಿನ ಕೇಕಿಗೆ ಮೊಟ್ಟೆ ತಪ್ಪಿದರೆ ಕಷ್ಟ, ರವೆಯ ಕೇಕಿಗೆ ಅಂಥ ತೊಂದರೆಯಿಲ್ಲ.

ಬೇಯಿಸುವುದರಲ್ಲಿ ಹೇಳುವಂಥ ವಿಶೇಷ ಏನೂ ಇಲ್ಲ. ಮೊದಲೇ ಕಾಯಿಸಿದ ಓವನ್ನಿನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರಿಂದ 45 ನಿಮಿಷ. ಅಂಚು ಕೆಂಪಾಗಿ ಪಾತ್ರೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರಬೇಕು, ನಡುವೆ ಚುಚ್ಚಿದ ಕಡ್ಡಿ ಒಣದಾಗಿ ಹೊರಬರಬೇಕು. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಎರಡು ಬೆರಳು ದಪ್ಪ ಕಲ್ಲುಪ್ಪು ಹರವಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಮುಚ್ಚಿ ಕಾಯಿಸಿ, ಸಣ್ಣ ಉರಿಯಲ್ಲಿ ಸುಮಾರು 50 ನಿಮಿಷ ಬೇಯಿಸಬಹುದು. ಶಾಖ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಮೈ ಕೆಂಪಾಗುವುದಿಲ್ಲ. ಪಾಕದ ಹೊಳಪು ಬಂದ ಮೇಲೆ ಅದು ಕೊರತೆಯೆನಿಸುವುದೂ ಇಲ್ಲ.

ಪಾಕದ ವಿಷಯದಲ್ಲಿ ನಮ್ಮವರು ಯಾರಿಂದಲೂ ಕಲಿಯಬೇಕಾದದ್ದಿಲ್ಲ. ಬೆರಳುಗಳ ನಡುವೆ ಎಳೆದು ನೋಡಿ ಒಂದೆಳೆ, ಎರಡೆಳೆ ಎಂದು ಹೇಳಬಲ್ಲ ಕೈಗಳಿಗೆ ಥರ್ಮಾಮೀಟರ್ ಬೇಕಾಗಿಲ್ಲ. ಆದರೆ ಈ ಕೇಕಿಗೆ ಒಂದೇ ಪಾತ್ರೆಯ ಪಾಕದಿಂದ ಎರಡು ಬಗೆಯ ಪಾಕ ಆಗಬೇಕು: ಒಳಗೆ ಇಳಿಯುವುದಕ್ಕೆ ತೆಳುವಾದದ್ದು, ಮೇಲೆ ನಿಲ್ಲುವುದಕ್ಕೆ ಗಟ್ಟಿಯಾದದ್ದು. 150 ಗ್ರಾಂ ಸಕ್ಕರೆಗೆ 100 ಮಿಲಿಲೀಟರ್ ನೀರು ಹಾಕಿ, ಬಿಳಿ ಭಾಗ ಬಾರದಂತೆ ಚಾಕುವಿನಿಂದ ಹೆರೆದ ಕಿತ್ತಳೆ ಸಿಪ್ಪೆಯ ಎರಡು ಪಟ್ಟಿಗಳನ್ನು ಅದರಲ್ಲಿ ಬಿಟ್ಟು, ಸಕ್ಕರೆ ಕರಗಿ ಒಂದೆರಡು ಕುದಿ ಬಂದ ಕೂಡಲೇ ಇಳಿಸಬೇಕು. ಮುಟ್ಟಿದರೆ ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಇದರ ಕಾಲು ಭಾಗವನ್ನು ಬೇರೆ ಬಟ್ಟಲಿಗೆ ಎತ್ತಿಟ್ಟು, ಉಳಿದದ್ದು ಆರಿದ ಮೇಲೆ 60 ಮಿಲಿಲೀಟರ್ ಕಿತ್ತಳೆ ರಸ, 40 ಮಿಲಿಲೀಟರ್ ನಿಂಬೆರಸ ಸೇರಿಸಿ ಸೋಸಬೇಕು. ರಸವನ್ನು ಕುದಿಸಬಾರದು. ಕುದಿದ ನಿಂಬೆರಸದಲ್ಲಿ ಹುಳಿ ಉಳಿಯುತ್ತದೆ, ತಾಜಾತನ ಆವಿಯೊಡನೆ ಹೋಗುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆಯೇ ನಿಂಬೆ ಹಿಂಡಬೇಕೆಂದು ಅಮ್ಮಂದಿರು ಗದರಿಸುತ್ತಿದ್ದುದು ಇದೇ ಕಾರಣಕ್ಕೆ.

ಎತ್ತಿಟ್ಟ ಕಾಲು ಭಾಗವನ್ನು ಮತ್ತೆ ಒಲೆಗಿಟ್ಟು ಒಂದೆಳೆ ಬರುವವರೆಗೆ, ಅಂದರೆ 105 ಡಿಗ್ರಿ ದಾಟುವವರೆಗೆ ಕುದಿಸಿ, ಇಳಿಸಿದ ಮೇಲೆ ಒಂದು ಟೀ ಚಮಚ ನಿಂಬೆರಸ ಬೆರೆಸಬೇಕು. ಆಮ್ಲವಿರುವಾಗ ಬಿಸಿಯಲ್ಲಿ ಸಕ್ಕರೆಯ ಒಂದು ಪಾಲು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಹಾಗೆ ಒಡೆದ ಸಕ್ಕರೆಗಳು ಉಳಿದದ್ದು ಹರಳಾಗಿ ಕೂಡಿಕೊಳ್ಳಲು ಬಿಡುವುದಿಲ್ಲ. ಮೇಲ್ಮೈಯ ಹೊಳಪು ಮಾರನೆಯ ದಿನ ಬೆಳ್ಳಗೆ ಮಂಕಾಗದೆ ಗಾಜಿನ ಹಾಗೆ ಉಳಿಯುವುದು ಇದರಿಂದ.

ಅತ್ತೆಯವರು ನಾನು ಈ ಪಾಕ ಮಾಡುವುದನ್ನು ಪಕ್ಕದಲ್ಲಿ ನಿಂತು ಗಮನಿಸಿದ್ದುಂಟು. ಕೈ ತುಂಬ ಹೋಳಿಗೆ ಮಾಡಿದವರು, ಪಾಕದ ಹದದಲ್ಲಿ ಅವರ ಮಾತೇ ನಮ್ಮ ಮನೆಯಲ್ಲಿ ಕೊನೆ. ನಾನು ನಿಂಬೆ ಹಿಂಡುತ್ತಲೇ ಇದ್ದದ್ದನ್ನು ಕಂಡು, “ಏನಮ್ಮಾ, ಸಿಹಿಗೆ ಇಷ್ಟೊಂದು ಹುಳಿ ಹಿಂಡ್ತಾ ಇದ್ದೀಯಲ್ಲ, ಪಾನಕ ಮಾಡ್ತೀಯೋ ಕೇಕು ಮಾಡ್ತೀಯೋ?” ಎಂದರು. “ಪಾನಕವೇ ಅತ್ತೆ, ಕೇಕಿಗೆ ಕುಡಿಸೋದಕ್ಕೆ” ಎಂದೆ. ಅವರು ಚಮಚದಲ್ಲಿ ತೆಗೆದು ರುಚಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಚಿಟಿಕೆ ಉಪ್ಪು ಬೇಕು ಇದಕ್ಕೆ, ಎರಡು ಏಲಕ್ಕಿ ಕೂಡ ಜಜ್ಜಿ ಹಾಕು” ಎಂದರು. ಉಪ್ಪಿನ ಮಾತು ನೂರಕ್ಕೆ ನೂರು ಸರಿಯಾಗಿತ್ತು, ಅಂದಿನಿಂದ ಪಾಕಕ್ಕೆ ಉಪ್ಪು ತಪ್ಪಿಸಿಲ್ಲ. ಏಲಕ್ಕಿಯ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಇನ್ನೂ ಬೇರೆ ಬೇರೆ. ನನಗೆ ಅದು ಕಿತ್ತಳೆಯ ಮೇಲೆ ಸವಾರಿ ಮಾಡುತ್ತದೆ ಎನಿಸುತ್ತದೆ. ಅವರಿಗೆ ಏಲಕ್ಕಿಯಿಲ್ಲದ ಕಾಯಿಸಿಹಿ ಅರ್ಧವೇ.

ಕೇಕು ಬಿಸಿ, ಪಾಕ ಆರಿದ್ದು: ಬಸ್‌ಬೂಸ ಮಾಡುವ ನಾಡುಗಳಲ್ಲಿ ಹಲವರು ಪಾಲಿಸುವ ಈ ನಿಯಮವನ್ನು ಹಾಗೆಯೇ ಪಾಲಿಸಬೇಕು. ಓವನ್ನಿನಿಂದ ತೆಗೆದ ಕೇಕಿನ ರಂಧ್ರಗಳಲ್ಲಿ ಆವಿ ತುಂಬಿರುತ್ತದೆ. ತಣ್ಣನೆಯ ಪಾಕ ತಾಗಿ ಆ ಆವಿ ಕುಗ್ಗಿದಾಗ ಪಾಕ ಒಳಕ್ಕೆ ಎಳೆಯಲ್ಪಡುತ್ತದೆ. ಎರಡೂ ಬಿಸಿಯಿದ್ದರೆ ಮೇಲ್ಪದರ ಬೆಂದು ಮೆತ್ತಗಾಗುತ್ತದೆ, ಎರಡೂ ಆರಿದ್ದರೆ ಪಾಕ ಮೇಲೆಯೇ ನಿಂತುಬಿಡುತ್ತದೆ. ಪಾತ್ರೆಯಲ್ಲಿರುವಾಗಲೇ ಸಣ್ಣ ಕಡ್ಡಿಯಿಂದ ತಳ ಮುಟ್ಟುವಂತೆ ಅಲ್ಲಲ್ಲಿ ಚುಚ್ಚಿ, ಮೊದಲು ಅಂಚಿನ ಸುತ್ತ, ಆಮೇಲೆ ನಡುವಿಗೆ ಚಮಚದಿಂದ ಹಾಕುತ್ತಾ ಹೋಗಬೇಕು. ಅಂಚು ಹೆಚ್ಚು ಬೆಂದು ಒಣಗಿರುವುದರಿಂದ ಅದಕ್ಕೆ ಮೊದಲ ಪಾಲು. ಬಿಸಿ ತಗಡಿನ ಬದಿಗೆ ಹರಿದ ಪಾಕ ಚುಯ್ ಎನ್ನುತ್ತದೆ, ಚುಚ್ಚಿದ ತೂತುಗಳಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ, ಕಾಯಿಯ ಎಣ್ಣೆ ಮತ್ತು ಕಿತ್ತಳೆ ಎರಡೂ ಸೇರಿದ ಹಬೆ ಮುಖಕ್ಕೆ ಬಡಿಯುತ್ತದೆ. ಮೂರು ನಾಲ್ಕು ಸರದಿಯಲ್ಲಿ, ಪ್ರತಿ ಸರದಿ ಇಂಗಿದ ಮೇಲೆ ಮುಂದಿನದ್ದು. ಎಲ್ಲ ಹಾಕಿದಾಗ ಮೇಲೆ ನೀರು ನಿಂತಂತೆ ಕಂಡರೂ ಹೆದರಬೇಕಾಗಿಲ್ಲ. ಹದಿನೈದು ನಿಮಿಷದಲ್ಲಿ ಅದು ಮರೆಯಾಗುತ್ತದೆ. ಪಾತ್ರೆ ಪೂರ್ತಿ ಆರಿದ ನಂತರವೇ ಕೇಕನ್ನು ಹೊರತೆಗೆಯಬೇಕು, ಬಿಸಿಯಲ್ಲಿ ಎತ್ತಿದರೆ ತನ್ನ ಭಾರಕ್ಕೆ ತಾನೇ ಒಡೆಯುತ್ತದೆ. ಗಟ್ಟಿ ಪಾಕವನ್ನು ತುಸು ಬೆಚ್ಚಗೆ ಮಾಡಿ ಕುಂಚದಿಂದ ಮೇಲೆ ಬಳಿಯುವುದು ಆಮೇಲೆ. ಅದರ ಮೇಲೆ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದ ಒಂದು ಹಿಡಿ ಕಾಯಿತುರಿ ಉದುರಿಸಿದರೆ, ಒಳಗಿನ ಹಸಿ ಕಾಯಿಗೂ ಮೇಲಿನ ಹುರಿದ ಕಾಯಿಗೂ ಇರುವ ರುಚಿಯ ಅಂತರ ಒಂದೇ ತುತ್ತಿನಲ್ಲಿ ತಿಳಿಯುತ್ತದೆ.

ಆ ದಿನವೇ ಕತ್ತರಿಸುವವರನ್ನು ತಡೆಯುವುದು ಕಷ್ಟ. ಆದರೆ ಒಂದು ರಾತ್ರಿ ಮುಚ್ಚಿಟ್ಟ ಕೇಕಿನ ರುಚಿಯೇ ಬೇರೆ. ಮೊದಲ ದಿನ ಹುಳಿ ಒಂದು ಕಡೆ, ಸಿಹಿ ಒಂದು ಕಡೆ, ಕಾಯಿ ಒಂದು ಕಡೆ ಎನ್ನುವಂತಿರುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಪಾಕ ಅಂಚಿನಿಂದ ನಡುವಿನವರೆಗೆ ಸಮವಾಗಿ ಹರಡಿ, ರವೆ ಪೂರ್ತಿ ಉಬ್ಬಿ, ಚಾಕು ಇಳಿದ ಕಡೆ ಒಂದು ಕಣವೂ ಉದುರದಂತೆ ಹದಗೊಂಡಿರುತ್ತದೆ. ರಾತ್ರಿ ಅದನ್ನು ಫ್ರಿಜ್ಜಿನಲ್ಲಿಡಬಾರದು. ತೆಂಗಿನ ಜಿಡ್ಡು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಬೆಣ್ಣೆಯೂ ಬಿರುಸಾಗುತ್ತದೆ, ಕೇಕು ಕಲ್ಲಾದಂತೆ ತೋರುತ್ತದೆ. ಹಸಿ ಕಾಯಿ ಇರುವುದರಿಂದ ಸೆಕೆಯ ಊರುಗಳಲ್ಲಿ ಒಂದು ರಾತ್ರಿಯ ನಂತರ ಹೊರಗಿಡುವಂತಿಲ್ಲ ಎಂಬುದೂ ನಿಜ. ಆಗ ಫ್ರಿಜ್ಜಿಗೆ ಸೇರಿಸಿ, ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆದಿಟ್ಟುಕೊಂಡರೆ ಮತ್ತೆ ಮೆತ್ತಗಾಗುತ್ತದೆ. ಹಾಗೆ ನಾಲ್ಕು ದಿನ ಚೆನ್ನಾಗಿ ಬಾಳುತ್ತದೆ.

ಕಿತ್ತಳೆಯ ಕಾಲ ಮುಗಿದ ಮೇಲೆ ನಾನು ಹೇರಳೆಕಾಯಿಗೆ ತಿರುಗುತ್ತೇನೆ. ಉಪ್ಪಿನಕಾಯಿಗೆ, ಗೊಜ್ಜಿಗೆ ಬಳಸುವ ಅದೇ ದಪ್ಪ ಸಿಪ್ಪೆಯ ಕಾಯಿ. ಅದರ ರಸ ನಿಂಬೆಗಿಂತ ದುಂಡಾದ ಹುಳಿ, ಸಿಪ್ಪೆಯಲ್ಲಿ ಕಂಪಿನ ಜೊತೆ ಸ್ಪಷ್ಟವಾದ ಕಹಿ. ಆ ಕಹಿಯನ್ನು ಅಳತೆಯಲ್ಲಿ ಬಿಟ್ಟುಕೊಂಡರೆ, ಅಂದರೆ ಹಿಟ್ಟಿಗೆ ಸಿಪ್ಪೆ ಹಾಕದೆ ಪಾಕದಲ್ಲಿ ಮಾತ್ರ ಒಂದೇ ಒಂದು ಪಟ್ಟಿಯನ್ನು ಎರಡು ನಿಮಿಷ ಬಿಟ್ಟು ತೆಗೆದರೆ, ಸಿಹಿ ಇಷ್ಟವಿಲ್ಲವೆನ್ನುವ ಗಂಡಸರೂ ಎರಡನೆಯ ತುಂಡಿಗೆ ಕೈ ಚಾಚುತ್ತಾರೆ. ದೇವನಹಳ್ಳಿಯ ಚಕ್ಕೋತ ಸಿಕ್ಕಾಗ ಅದರ ರಸವನ್ನು ಕಿತ್ತಳೆಯ ಬದಲು ಹಾಕಬಹುದು. ಆದರೆ ಯಾವ ಹಣ್ಣು ಬಳಸಿದರೂ ಪಾಕಕ್ಕೆ ನಿಂಬೆ ಹಾಕುವುದನ್ನು ಮಾತ್ರ ಬಿಡಬಾರದು, 40 ಮಿಲಿಲೀಟರಿಗಿಂತ ಕಡಿಮೆಯೂ ಮಾಡಬಾರದು. ಜೊತೆಗೆ ಕುಡಿಯಲು ಸಕ್ಕರೆಯಿಲ್ಲದ ಸ್ಟ್ರಾಂಗ್ ಫಿಲ್ಟರ್ ಕಾಫಿ ಚೆನ್ನಾಗಿ ಹೊಂದುತ್ತದೆ. ತುಂಡುಗಳನ್ನು ಸಣ್ಣದಾಗಿ ಚೌಕಾಕಾರದಲ್ಲಿ ಕತ್ತರಿಸಿದರೆ ಒಂದು ಕೇಕು ಹದಿನಾರು ಜನಕ್ಕೆ ಬರುತ್ತದೆ.